ಶಾಲೆ ಎರಡಾದ ಮಳೆಗಾಲ

ಕಳೆದ ವಾರ ನಮ್ಮ ಶಾಲೆಯ ಎದುರಿಗೆ ಒಂದು ಹಳೆಯ ಮನೆ ಕೆಡವುತ್ತಿದ್ದರು. ನಾನೀಗ ಸಂಶಿಯ ಹತ್ತಿರದ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಧೂಳು ಏಳಬಾರದೆಂದು ಅವರು ಮಣ್ಣಿನ ಗೋಡೆಗೆ ನೀರು ಹೊಡೆದು ಹೊಡೆದು ಕೆಡವುತ್ತಿದ್ದರು. ನಾನು ನಾಲ್ಕನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದೆ. ಕಿಟಕಿಯಿಂದ ಒದ್ದೆ ಗೋಡೆಯ ವಾಸನೆ ಬಂತು. ಅದು ಮಳೆಗೆ ನೆಂದ ನೆಲದ ವಾಸನೆಯಲ್ಲ. ಬಹಳ ಕಾಲ ಬಿಸಿಲು ಕಾಣದ ಮಣ್ಣು, ಕೊಳೆತ ಹುಲ್ಲು, ಸುಣ್ಣ, ಇಲಿಯ ಬಿಲ ಎಲ್ಲ ಸೇರಿದ ವಾಸನೆ. ನಾನು ಮಗ್ಗಿ ನಿಲ್ಲಿಸಿದೆ. ಆಮೇಲೆ ಮಕ್ಕಳನ್ನು ಎಣಿಸಿದೆ. ಮುಗಿದ ಮೇಲೆ ಮತ್ತೊಮ್ಮೆ ಎಣಿಸಿದೆ.

“ಟೀಚರ್, ಹಾಜರಿ ಆಗೇತ್ರಿ,” ಎಂದಳು ಮುಂದೆ ಕೂತಿದ್ದ ಹುಡುಗಿ.

“ಗೊತ್ತೈತಿ, ಕುಂದರು,” ಎಂದೆ. ಆದರೂ ಕೊನೆಯ ಮಗುವಿನವರೆಗೆ ಎಣಿಸಿ ಮುಗಿಸಿದೆ.

ಈ ಅಭ್ಯಾಸ ನನಗೆ ಅಂಟಿದ್ದು ಕಲಘಟಗಿ ತಾಲೂಕಿನ ಒಂದು ಊರಿನಲ್ಲಿ, ಒಂದು ಮಳೆಗಾಲದಲ್ಲಿ. ದುಮ್ಮವಾಡದ ಕಡೆಯ ಊರು ಅದು. ಹೆಸರು ಬರೆಯುವುದಿಲ್ಲ. ಅಲ್ಲಿಯವರು ಈಗಲೂ ಹಬ್ಬ ಬಂದರೆ ಫೋನ್ ಮಾಡುತ್ತಾರೆ. ನಮ್ಮೂರಿನ ಬಗ್ಗೆ ಏನೇನು ಬರೆದಿರಿ ಎಂದು ಜಗಳ ತೆಗೆಯುವವರೂ ಅವರೇ.

ಊರ ನಡುವೆ ಒಂದು ಸಣ್ಣ ಹಳ್ಳ. ಬೇಸಿಗೆಯಲ್ಲಿ ಅದನ್ನು ದಾಟಲು ಚಪ್ಪಲಿ ಬಿಚ್ಚಬೇಕಾಗಿಲ್ಲ. ಹಳ್ಳದ ಈಚೆ, ಬಸ್ಸು ನಿಲ್ಲುವ ಕಡೆ, ಮೇಲಿನ ಓಣಿ: ಹೆಚ್ಚಿನವು ಲಿಂಗಾಯತರ ಮನೆಗಳು, ಒಂದು ಮಠ, ಎರಡು ಅಂಗಡಿ, ಒಂದು ಅಕ್ಕಿ ಗಿರಣಿ. ಹಳ್ಳದ ಆಚೆ ಕುರುಬರ ಓಣಿ, ಅದರ ಹಿಂದೆ ಪರಿಶಿಷ್ಟರ ಕೇರಿ, ನಾಲ್ಕಾರು ಮುಸಲ್ಮಾನರ ಮನೆ. ಶಾಲೆ ಇದ್ದದ್ದು ಹಳ್ಳದ ದಂಡೆಯಲ್ಲಿ, ಈಚೆ ಬದಿಗೆ. ಐದನೆಯ ತರಗತಿಯವರೆಗಿನ ಶಾಲೆ. ಅರವತ್ತನಾಲ್ಕು ಮಕ್ಕಳು; ಹೆಡ್ ಮಾಸ್ತರು, ನಾನು, ಒಬ್ಬ ಅತಿಥಿ ಶಿಕ್ಷಕಿ.

ಅರವತ್ತನಾಲ್ಕರಲ್ಲಿ ಯಾವ ಜಾತಿಯ ಮಕ್ಕಳು ಎಷ್ಟು, ಗಂಡು ಎಷ್ಟು, ಹೆಣ್ಣು ಎಷ್ಟು, ಮನೆಮಾತು ಉರ್ದು ಇದ್ದವರು ಎಷ್ಟು, ಎಲ್ಲವೂ ನನಗೆ ಬಾಯಿಪಾಠವಾಗಿತ್ತು. ಪ್ರತಿ ವರ್ಷ ನಮೂನೆ ತುಂಬುವವಳು ನಾನೇ. ಆದರೆ ಹಳ್ಳದ ಈಚೆಯವರು ಎಷ್ಟು, ಆಚೆಯವರು ಎಷ್ಟು ಎಂದು ಎಣಿಸಿರಲಿಲ್ಲ. ಆ ಕಾಲಂ ಯಾವ ನಮೂನೆಯಲ್ಲೂ ಇರಲಿಲ್ಲ. ಶಾಲೆಯಲ್ಲಿ ಮೊದಲು ಬಂದವರು ಕಿಟಕಿಯ ಹತ್ತಿರ ಕೂರುತ್ತಿದ್ದರು. ಹಾಗೆಂದು ನಾನು ತಿಳಿದಿದ್ದೆ.

ಐದನೆಯ ತರಗತಿಯಲ್ಲಿ ಇಬ್ಬರು ಹುಡುಗಿಯರು ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಸೃಷ್ಟಿ ಮೇಲಿನ ಓಣಿಯವಳು. ಅವಳ ಅಪ್ಪ ಈರಣ್ಣ ನಮ್ಮ ಶಾಲಾ ಸಮಿತಿಯ ಅಧ್ಯಕ್ಷ. ರೇಣುಕಾ ಹಳ್ಳದ ಆಚೆಯ ಕುರುಬರ ಓಣಿಯವಳು. ಅಪ್ಪ ಕುರಿಗಳ ಜೊತೆ ವರ್ಷದ ಅರ್ಧ ಊರೂರು ತಿರುಗುತ್ತಿದ್ದ, ಅವ್ವ ಫಕ್ಕೀರವ್ವ ಕೂಲಿಗೆ ಹೋಗುತ್ತಿದ್ದಳು. ರೇಣುಕಾ ಓದಲು ಕೂತರೆ ನಾವೆಲ್ಲ ಕೆಲಸ ಬಿಟ್ಟು ಕೇಳಬೇಕು. ಕಾಗೆಗೆ ಒಂದು ದನಿ, ಮುದುಕಿಗೆ ಒಂದು ದನಿ, ರಾಜನಿಗೆ ಮೂಗಿನಲ್ಲಿ ಒಂದು ದನಿ. ಲೆಕ್ಕ ಬಂದರೆ ಮಾತ್ರ ಉಗುರು ಕಚ್ಚುತ್ತಿದ್ದಳು. ಸೃಷ್ಟಿ ಅದಕ್ಕೆ ತದ್ವಿರುದ್ಧ. ಬೋರ್ಡಿನ ಮೇಲೆ ನಾನು ಲೆಕ್ಕ ಬರೆದು ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದಳು; ಅದೇ ಲೆಕ್ಕವನ್ನು ಮಾತಿನಲ್ಲಿ ಕೊಟ್ಟರೆ ಪ್ರಶ್ನೆ ಓದಲು ತಡವರಿಸುತ್ತಿದ್ದಳು. ಆಗ ರೇಣುಕಾ ಓದಿ ಹೇಳುತ್ತಿದ್ದಳು, ಇವಳು ಬಿಡಿಸುತ್ತಿದ್ದಳು, ಹೇಗೆ ಬಿಡಿಸಿದೆ ಎಂದು ಅವಳಿಗೆ ತಿಳಿಸುತ್ತಿದ್ದಳು. ನಾನು ಹೇಳಿಕೊಟ್ಟ ಕ್ರಮವಲ್ಲ ಅದು. ಅವರೇ ಕಂಡುಕೊಂಡದ್ದು.

ಆ ವರ್ಷ ಜುಲೈನಲ್ಲಿ ಒಂಬತ್ತು ದಿನ ಮಳೆ ಬಿಡಲಿಲ್ಲ. ಹತ್ತನೆಯ ದಿನ ಬೆಳಗ್ಗೆ ಕಲಘಟಗಿಯಿಂದ ಬಸ್ಸಿಗೆ ಬಂದು ಇಳಿದೆ. ಹೊತ್ತು ಒಂಬತ್ತು ಗಂಟೆಯಾಗಿತ್ತು. ಶಾಲೆಯ ಗೇಟು ತೆರೆದಿತ್ತು. ಕಸ ಹೊಡೆಯುವ ಪಾಳಿ ಇದ್ದ ಮಕ್ಕಳು ಬಂದಿದ್ದಾರೆ ಎಂದುಕೊಂಡೆ. ಛತ್ರಿ ಮಡಚುತ್ತಿದ್ದಾಗ ಸದ್ದು ಕೇಳಿತು. ದೊಡ್ಡ ಸದ್ದೇನಲ್ಲ. ಜೋಳದ ಚೀಲ ಬಾಯಿ ಬಿಚ್ಚಿ ಸುರಿದಂತೆ ಒಂದು ಸದ್ದು, ಅದರ ಹಿಂದೆ ಹಂಚು ಒಂದೊಂದಾಗಿ ಜಾರಿ ಬಿದ್ದ ಸದ್ದು. ಎರಡನೆಯ ಕೋಣೆಯ ಹಿಂದಿನ ಗೋಡೆ ಇರಲಿಲ್ಲ. ಅದು ಇದ್ದ ಕಡೆ ಹಳ್ಳ ಕಾಣುತ್ತಿತ್ತು.

ನಾನು ಕೂಗಲಿಲ್ಲ. ಕೂಗಿದೆ ಎಂದು ಆಮೇಲೆ ಜನ ಹೇಳಿದರು, ಆದರೆ ನನಗೆ ನೆನಪಿರುವಂತೆ ಬಾಯಿಂದ ಏನೂ ಬರಲಿಲ್ಲ. ಅಡುಗೆ ಕೋಣೆಯ ಹಿಂದಿನಿಂದ ಸೃಷ್ಟಿ ಮತ್ತು ರೇಣುಕಾ ಬಂದರು; ಇಬ್ಬರ ನಡುವೆ ಒಂದು ಬಕೀಟು, ಅದರ ತುಂಬ ನೀರು. ನೆಲ ಸಾರಿಸಲು ನೀರು ತರಲು ಹೋಗಿದ್ದರು. ಕಸ ಹೊಡೆದದ್ದು ಅದೇ ಕೋಣೆಯನ್ನು. ಪೊರಕೆ ಆ ಮಣ್ಣಿನ ಕೆಳಗಿತ್ತು.

“ಅಕ್ಕೋರ, ನಾವು ಏನೂ ಮಾಡಿಲ್ರಿ,” ಎಂದಳು ರೇಣುಕಾ, ಗೋಡೆಯನ್ನು ತಾವೇ ಕೆಡವಿದೆವೆಂದು ನಾನು ಬಯ್ಯುತ್ತೇನೇನೋ ಎಂಬ ಹಾಗೆ.

ನಾನು ಇಬ್ಬರನ್ನೂ ಎಣಿಸಿದೆ. ಒಂದು, ಎರಡು. ಮತ್ತೆ ಒಂದು, ಎರಡು.

ಮಧ್ಯಾಹ್ನಕ್ಕೆ ತಾಲೂಕಿನಿಂದ ಬಂದವರು ನಾಲ್ಕೂ ಕೋಣೆಗೆ ಬೀಗ ಹಾಕಿಸಿದರು. ಉಳಿದದ್ದು ಅಡುಗೆ ಕೋಣೆ ಒಂದೇ. ಅಲ್ಲಿ ಒಲೆಯ ಮುಂದೆ ಹೆಡ್ ಮಾಸ್ತರು ಮತ್ತು ನಾನು ಕೂತೆವು. ಅವರಿಗೆ ನಿವೃತ್ತಿಗೆ ಎರಡು ವರ್ಷವಿತ್ತು. ಬೂಟಿನೊಳಗೆ ನೀರು ಹೊಕ್ಕಿತ್ತು. ಕಾಲುಚೀಲ ಬಿಚ್ಚಿ ಒಲೆಯ ಕಟ್ಟೆಯ ಮೇಲೆ ಹಾಕಿದ್ದರು.

“ಎಲ್ಲಿ ಕುಂದರಸೂಣ್ರಿ ಅಕ್ಕೋರ, ಈ ಪಿಳ್ಳಿಗೋಳನ್ನ?”

ಜಾಗ ಎರಡು ಇದ್ದವು. ಈಚೆ ಮಠದಲ್ಲಿ ಪ್ರಸಾದಕ್ಕೆ ಕೂರುವ ದೊಡ್ಡ ಹಾಲ್, ಆಚೆ ಕುರುಬರ ಓಣಿಯ ತಲೆಯಲ್ಲಿ ಸಮುದಾಯ ಭವನ. ಒಂದರಲ್ಲಿ ಅರವತ್ತನಾಲ್ಕು ಮಕ್ಕಳು ಹಿಡಿಯುವುದಿಲ್ಲ. ಚಿಕ್ಕ ತರಗತಿಗಳನ್ನು ಒಂದು ಕಡೆ, ದೊಡ್ಡವನ್ನು ಇನ್ನೊಂದು ಕಡೆ ಇಡುವುದು ರೂಢಿ. ಆದರೆ ಭವನ ನೋಡಿ ಬರಲು ಹಳ್ಳದ ಮೇಲಿನ ಸಿಡಿ, ಆ ತಗ್ಗು ಮೋರಿ, ದಾಟುವಾಗ ನೀರು ನನ್ನ ಮೊಣಕಾಲಿಗೆ ಬಂದಿತ್ತು. ಒಂದನೆಯ ತರಗತಿಯ ಮಗುವಿಗೆ ಅದು ಸೊಂಟಮಟ್ಟ. ಯಾವ ಮಗುವೂ ಆ ನೀರು ದಾಟಬಾರದು, ಅದೊಂದೇ ನನ್ನ ತಲೆಯಲ್ಲಿ.

“ಸರ್, ತರಗತಿ ಪ್ರಕಾರ ಬ್ಯಾಡ್ರಿ. ಓಣಿ ಪ್ರಕಾರ ಮಾಡಿಬಿಡೂಣು. ಈಚಿನವರು ಮಠದಾಗ, ಆಚಿನವರು ಭವನದಾಗ. ಎಲ್ಲಾರಿಗೂ ಮನಿ ಹತ್ರ ಆಗ್ತೈತಿ.”

ಅವರು ಸ್ವಲ್ಪ ಹೊತ್ತು ಒಲೆ ನೋಡಿದರು. “ಮಳಿ ನಿಲ್ಲೂತನಕ ಅಷ್ಟ?”

“ಅಷ್ಟರೀ.”

ದಾಖಲಾತಿ ಪುಸ್ತಕ ತೆಗೆದು, ವಿಳಾಸ ನೋಡಿ ಎರಡು ಪಟ್ಟಿ ಮಾಡಿದೆ. ಇಪ್ಪತ್ತೆಂಟು, ಮೂವತ್ತಾರು. ಹತ್ತು ನಿಮಿಷದ ಕೆಲಸ. ಮಠದಲ್ಲಿ ತೇವವಿಲ್ಲದ ಕಪಾಟು ಇತ್ತು, ದಾಖಲೆಗಳೆಲ್ಲ ಅಲ್ಲಿಗೆ ಹೋದವು; ದಾಖಲೆ ಇದ್ದಲ್ಲಿ ಹೆಡ್ ಮಾಸ್ತರು ಇರಬೇಕು; ಅತಿಥಿ ಶಿಕ್ಷಕಿ ಹೊಸಬರು, ಅವರ ಜೊತೆಗೇ ಇರಲಿ ಎಂದಾಯಿತು. ಆಚೆಗೆ ನಾನು ಹೋದೆ. ಪ್ರತಿಯೊಂದಕ್ಕೂ ಕಾರಣವಿತ್ತು. ಈಗಲೂ ಆ ಕಾರಣಗಳಲ್ಲಿ ಒಂದನ್ನೂ ನಾನು ಸುಳ್ಳು ಎನ್ನಲಾರೆ.

ಮೊದಲ ತಿಂಗಳು ನಾನು ಕೆಲಸ ಮಾಡಿದ ವರ್ಷಗಳಲ್ಲೇ ಒಳ್ಳೆಯ ತಿಂಗಳು ಎನ್ನಿಸಿತು. ಹಾಜರಿ ತುಂಬ ಇತ್ತು. ಶಾಲೆ ಮನೆಬಾಗಿಲಲ್ಲೇ ಇದ್ದದ್ದರಿಂದ ತಪ್ಪಿಸಿಕೊಳ್ಳಲು ಮಕ್ಕಳಿಗೆ ದಾರಿಯೇ ಇರಲಿಲ್ಲ. ಫಕ್ಕೀರವ್ವ ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಯಲು ಹೋಗುವ ಮುಂಚೆ ತಲೆಯ ಮೇಲೆ ಮಳೆಗೆ ಗೋಣಿಚೀಲದ ಗೊಪ್ಪೆ ಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅಕ್ಕೋರ, ನಾವು ಸಾಲಿಗೆ ಹೋಗಲಿಲ್ಲ ಅಂತ ಸಾಲೀನ ನಮ್ಮ ಮನಿಗೆ ಬಂತು ನೋಡ್ರಿ!”

“ಬಾ ಒಳಗ, ನೀನೂ ಕುಂದರು.”

“ನಾ ಕುಂತರ ಗೋಂಜಾಳದಾಗಿನ ಕಳೆ ನೀವು ತಗಿತೀರೇನ್ರಿ?” ಎಂದು ನಗುತ್ತ ಹೋಗುತ್ತಿದ್ದಳು. ಮಧ್ಯಾಹ್ನ ಯಾವುದೋ ಮನೆಯಿಂದ ನನಗೆ ಚಹಾ ಬರುತ್ತಿತ್ತು. ಯಾರ ಮನೆ ಎಂದು ಕೇಳಿದರೆ ಮಕ್ಕಳು ಹೇಳುತ್ತಿರಲಿಲ್ಲ. ಅದು ಅವರಿಗೆ ಆಟವಾಗಿತ್ತು. ಲೋಟ ನೋಡಿ ಗುರುತಿಸಲು ಕಲಿತೆ.

ಬಿಸಿಯೂಟ ಮೊದಲು ಹಳೆಯ ಅಡುಗೆ ಕೋಣೆಯಲ್ಲೇ ಆಗುತ್ತಿತ್ತು; ಒಂದು ಡಬರಿ ಈಚೆಗೆ, ಒಂದು ಆಚೆಗೆ ಹೊತ್ತು ತರುತ್ತಿದ್ದರು. ಒಂದು ದಿನ ಸಾರು ಹಳ್ಳದ ಪಾಲಾಯಿತು. ಮರುದಿನದಿಂದ ಎರಡೂ ಕಡೆ ಬೇರೆ ಬೇರೆ ಅಡುಗೆ. ಆಟದ ಚೆಂಡು ಎರಡಿದ್ದವು, ಒಂದೊಂದು ಹಂಚಿದೆವು. ಕರ್ನಾಟಕದ ನಕಾಶೆ ಒಂದೇ ಇತ್ತು, ಅದು ಈಚೆಗೆ. ಕಥೆ ಪುಸ್ತಕದ ಪೆಟ್ಟಿಗೆ ಆಚೆಗೆ. ಹಂಚುವುದನ್ನು ನೋಡುತ್ತ ನಿಂತ ಒಬ್ಬ ಮುದುಕ, “ಅಣ್ಣತಮ್ಮರು ಬ್ಯಾರೆ ಆದಂಗಾತಲ್ರಿ ಅಕ್ಕೋರ,” ಎಂದ. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಆಗಸ್ಟ್ ಹದಿನೈದು ಬಂತು. ಧ್ವಜಕಂಬ ಇದ್ದದ್ದು ಹಳೆಯ ಶಾಲೆಯ ಅಂಗಳದಲ್ಲಿ, ಹಾಗಾಗಿ ಎಲ್ಲರೂ ಅಲ್ಲಿ ಸೇರಿದೆವು. ಮಳೆ ಹನಿಯುತ್ತಿತ್ತು; ಆಚೆಯ ಮಕ್ಕಳನ್ನು ದೊಡ್ಡವರು ಕೈಹಿಡಿದು ಹಳ್ಳ ದಾಟಿಸಿದ್ದರು. ಮಕ್ಕಳು ಕಂಬದ ಎರಡು ಬದಿಗೆ ಎರಡು ಗುಂಪಾಗಿ ನಿಂತರು. ಯಾರೂ ಹಾಗೆ ನಿಲ್ಲಿಸಿರಲಿಲ್ಲ. ಈಚೆಯವರು ಆಚೆಯವರನ್ನು “ಆಚಿ ಸಾಲಿಯವರು” ಎನ್ನುತ್ತಿದ್ದರು; ಆಚೆಯವರೂ ಈಚೆಯವರನ್ನು “ಆಚಿ ಸಾಲಿಯವರು” ಎಂದೇ ಕರೆಯುತ್ತಿದ್ದರು. ಲಾಡು ಹಂಚುವಾಗ ರೇಣುಕಾ ನನ್ನ ಸೆರಗು ಎಳೆದಳು. ಸೃಷ್ಟಿ ಏಳೆಂಟು ಹೆಜ್ಜೆ ದೂರದಲ್ಲಿ ನಿಂತು ಲಾಡುವನ್ನೇ ನೋಡುತ್ತಿದ್ದಳು.

“ಅಕ್ಕೋರ, ಆಚಿ ಸಾಲಿಯವರ ಜೋಡಿ ಮಾತಾಡಬಹುದೇನ್ರಿ?”

“ಯಾಕ? ಯಾರು ಬ್ಯಾಡಂದ್ರು?”

ಅವಳು ಯೋಚಿಸಿದಳು. “ಯಾರೂ ಬ್ಯಾಡಂದಿಲ್ರಿ.”

“ಮತ್ತ?”

“ಹಂಗ ಕೇಳಿದೆರಿ.”

ಹೋಗು, ಮಾತಾಡು ಎಂದೆ. ಅವಳು ಹೋಗಲಿಲ್ಲ. ಸೃಷ್ಟಿಯೂ ಬರಲಿಲ್ಲ. ಅಂಗಳದ ನಡುವೆ ಬಿದ್ದಿದ್ದ ಹಂಚಿನ ರಾಶಿಯ ಆ ಕಡೆ ಈ ಕಡೆ ಇಬ್ಬರೂ ಲಾಡು ತಿಂದು ಮುಗಿಸಿದರು. ನಾನು ಅದನ್ನು ಕಂಡೆ, ಮಳೆಯಲ್ಲಿ ಯಾರು ನಿಂತು ಮಾತಾಡುತ್ತಾರೆ ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಪರೀಕ್ಷೆ ಆಯಿತು. ಫಲಿತಾಂಶದ ಹಾಳೆ ನಾನೇ ಮಾಡಬೇಕು: ಯಾವ ಮಗು ಅಕ್ಷರದ ಮಟ್ಟದಲ್ಲಿದೆ, ಯಾವುದು ವಾಕ್ಯ ಓದುತ್ತದೆ, ಯಾವುದು ಕಥೆ ಓದುತ್ತದೆ, ಕೂಡುವುದು ಕಳೆಯುವುದು ಎಲ್ಲಿಗೆ ಬಂದಿದೆ. ಜಾತಿವಾರು, ಲಿಂಗವಾರು. ಈ ಸಲ ಎರಡು ಜಾಗಕ್ಕೆ ಎರಡು ಹಾಳೆ ಆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಮಠದ ಹಾಳೆಯಲ್ಲಿ ಒಂದು ಜಾತಿಯ ಕಾಲಂ ತುಂಬಿ ಉಳಿದವು ಹೆಚ್ಚುಕಡಿಮೆ ಖಾಲಿ. ಭವನದ ಹಾಳೆಯಲ್ಲಿ ಆ ಕಾಲಂ ಖಾಲಿ, ಉಳಿದವು ತುಂಬಿ. ಇಷ್ಟು ವರ್ಷ ಒಂದೇ ಹಾಳೆಯಲ್ಲಿ ಬರೆದಿದ್ದೆ, ಹೀಗೆ ಕಂಡಿರಲಿಲ್ಲ. ಹತ್ತು ನಿಮಿಷದಲ್ಲಿ ನಾನು ಮಾಡಿದ ಪಟ್ಟಿ ಇದು ಎಂದು ಆಗ ಗೊತ್ತಾಯಿತು.

ಮಠದವರ ಅಂಕಗಳು ಮೇಲಿದ್ದವು. ಇಪ್ಪತ್ತೆಂಟು ಮಕ್ಕಳಿಗೆ ಇಬ್ಬರು, ಮೂವತ್ತಾರಕ್ಕೆ ನಾನೊಬ್ಬಳು. ಬೇರೆ ಏನಾಗಲು ಸಾಧ್ಯವಿತ್ತು? ಹಾಳೆಯಲ್ಲಿ ಶಿಕ್ಷಕರ ಸಂಖ್ಯೆಗೆ ಕಾಲಂ ಇರಲಿಲ್ಲ. ಸುತ್ತಲಿನ ಶಾಲೆಗಳ ಕ್ಲಸ್ಟರಿನಿಂದ ಬಂದ ಅಧಿಕಾರಿ ಎರಡನ್ನೂ ನೋಡಿ, “ಮ್ಯಾಲಿನ ಸಾಲಿ ಅಗದಿ ಚಲೋ ಐತ್ರಿ. ಆಚಿಂದು ಸುಧಾರಸ್ರಿ,” ಎಂದರು. ಕೆಟ್ಟ ಮನುಷ್ಯರಲ್ಲ. ಕಂಡದ್ದನ್ನು ಹೇಳಿದರು.

ನಾನು ಎರಡು ಉತ್ತರಪತ್ರಿಕೆಗಳನ್ನು ಹುಡುಕಿ ತೆಗೆದೆ. ರೇಣುಕಾಳ ಗಣಿತದಲ್ಲಿ ಭಾಗಾಕಾರದ ಜಾಗವೆಲ್ಲ ಬಿಳಿ. ಒಂದು ಕಡೆ ಪೆನ್ಸಿಲಿನಲ್ಲಿ ಗಿಡ ಬರೆದು ಅಳಿಸಿದ್ದಳು. ಸೃಷ್ಟಿಯ ಪತ್ರಿಕೆಯಲ್ಲಿ ಅಂಕಿಯ ಲೆಕ್ಕ ಎಲ್ಲ ಸರಿ, ಮಾತಿನ ಲೆಕ್ಕ ಒಂದನ್ನೂ ಮುಟ್ಟಿರಲಿಲ್ಲ. ಓದುವ ಪರೀಕ್ಷೆಯಲ್ಲಿ ಜೂನ್‌ಗಿಂತ ಒಂದು ಮೆಟ್ಟಿಲು ಕೆಳಗೆ ಇಳಿದಿದ್ದಳು. ಮೇಲಿನ ಓಣಿಯ ಒಳ್ಳೆಯ ಅಂಕಗಳ ಹಾಳೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಮರುದಿನ ಹೆಡ್ ಮಾಸ್ತರಿಗೆ ಹೇಳಿದೆ. “ಸರ್, ಇದು ನಾ ಮಾಡಿದ್ದು.”

ಅವರು ಕನ್ನಡಕ ತೆಗೆದು ಒರೆಸಿದರು. “ನಾನೂ ಸಹಿ ಮಾಡೇನಲ್ರಿ.” ಆಮೇಲೆ ಹೇಳಿದರು: “ಅವತ್ತ ನನಗ ಹೊಳದಿತ್ತು. ನಿಮ್ಮ ಕೈ ನಡಗಾಕ ಹತ್ತಿದ್ವು. ಮಳಿ ಬ್ಯಾರೆ. ಸುಮ್ನ ಆದೆ.”

ಮಳೆ ಆಗಲೇ ನಿಂತಿತ್ತು. ಹಳ್ಳದ ನೀರು ಪಾದಕ್ಕೆ ಇಳಿದಿತ್ತು. ಮಕ್ಕಳು ದಾಟಬಹುದಿತ್ತು. ಆದರೆ ಎರಡು ಶಾಲೆ ಎನ್ನುವುದು ಅಷ್ಟರಲ್ಲಿ ಊರಿಗೆ ರೂಢಿಯಾಗಿಬಿಟ್ಟಿತ್ತು.

ದಸರೆಯ ರಜೆ ಮುಗಿದ ಮೇಲೆ ಸಮಿತಿಯ ಸಭೆ ಕರೆದೆವು, ಹಳೆಯ ಶಾಲೆಯ ಅಂಗಳದಲ್ಲಿ. ಎರಡೂ ಕಡೆಯವರು ಬಂದರು, ಎರಡು ಕಡೆ ಕೂತರು. ಸೃಷ್ಟಿಯ ಅಜ್ಜಿ ನೀಲವ್ವ ಕರೆಯದಿದ್ದರೂ ಬಂದು ಅಡುಗೆ ಕೋಣೆಯ ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು.

“ಕಟ್ಟಡ ಬರೂತನಕ ಹಿಂಗ ಇರಲಿ ಬಿಡ್ರಿ,” ಎಂದ ಈರಣ್ಣ. “ಯಾರಿಗೆ ಏನ್ ತ್ರಾಸ ಆಗೇತಿ? ನಮ್ಮ ಹುಡುಗೂರ ಮಾರ್ಕ್ಸ್ ನೋಡ್ರಿ, ಹ್ವಾದ ವರ್ಷಕ್ಕಿಂತ ಚಲೋ ಬಂದಾವು. ಮತ್ತ ಎಲ್ಲಾ ಕೂಡ್ಸಿ ಗದ್ದಲ ಮಾಡಿದ್ರ, ಕಲಘಟಗಿ ಇಂಗ್ಲಿಷ್ ಸಾಲಿ ವ್ಯಾನ್ ಬಾಗಲಿಗೆ ಬರ್ತೈತಿ. ಒಂದ್ ಫೋನ್ ಮಾಡೂದಷ್ಟ.”

ಅದು ಬರಿಯ ಬೆದರಿಕೆಯಲ್ಲ ಎಂದು ನನಗೆ ಗೊತ್ತಿತ್ತು. ಹತ್ತು ಹನ್ನೆರಡು ಮಕ್ಕಳು ಹೋದರೆ ಒಂದು ಹುದ್ದೆ ಹೋಗುತ್ತದೆ. ಆಮೇಲೆ ಉಳಿದವರಿಗೂ ಶಾಲೆ ಉಳಿಯುವುದು ಅನುಮಾನ. ಆಚೆಯವರಾದರೂ ನನ್ನ ಪರವಾಗಿ ಮಾತಾಡುತ್ತಾರೆ ಎಂದುಕೊಂಡಿದ್ದೆ. ಫಕ್ಕೀರವ್ವ ಎದ್ದು ನಿಂತಳು.

“ನಮಗೂ ಹಿಂಗ ಚಲೋರಿ. ಅಕ್ಕೋರು ಸಿಟ್ಟಾಗಬ್ಯಾಡ್ರಿ. ಇಲ್ಲಿದ್ದಾಗ ನಮ್ಮ ಹುಡುಗೂರು ಮೂಲ್ಯಾಗ ಕುಂದರ್ತಿದ್ವು. ಈಗ ಎಲ್ಲಾ ಜಾಗಾ ಅವರದ ಐತಿ.”

“ಮೂಲ್ಯಾಗ? ಮೊದಲ ಬಂದವ್ರು ಕಿಟಕಿ ಹತ್ರ ಕುಂದರ್ತಿದ್ರಲ್ಲ?” ಎಂದೆ.

“ಮೊದಲ ಯಾರು ಬರ್ತಿದ್ರು ಹೇಳ್ರಿ. ಗೇಟಿನ ಬಾಜುಕ ಮನಿ ಇದ್ದವ್ರು. ನಮ್ಮವು ಹಳ್ಳ ದಾಟಿ, ಕಾಲು ತೊಳಕೊಂಡು ಬರಬೇಕು.”

ನನ್ನ ರೇಣುಕಾ ಮೂಲೆಯಲ್ಲಿ ಕೂತಿರಲಿಲ್ಲ. ನಾನು ನೋಡುತ್ತಿದ್ದದ್ದು ಅವಳನ್ನು. ಅವಳ ಹಿಂದೆ ಯಾರು ಕೂತಿದ್ದರು ಎಂದು ನೆನೆಸಿಕೊಂಡೆ. ಫಕ್ಕೀರವ್ವ ಹೇಳಿದ್ದು ಸರಿಯಿತ್ತು.

ಫಲಿತಾಂಶದ ಹಾಳೆಗಳು ನನ್ನ ಕೈಯಲ್ಲಿದ್ದವು. ಅವನ್ನು ಅಲ್ಲಿ ಓದಿದರೆ ಒಂದು ಕಡೆಯವರು ಬೀಗುತ್ತಾರೆ, ಇನ್ನೊಂದು ಕಡೆಯವರು ತಲೆ ತಗ್ಗಿಸುತ್ತಾರೆ. ಮಡಚಿ ಚೀಲಕ್ಕೆ ಹಾಕಿದೆ. ನಾನು ಹೇಳಿದ್ದು ಇಷ್ಟು: ಗೋಡೆ ಬಿದ್ದ ದಿನ ಹೆದರಿ ಶಾಲೆಯನ್ನು ಓಣಿ ಪ್ರಕಾರ ಒಡೆದದ್ದು ನಾನು, ಬೇರೆ ಯಾರೂ ಅಲ್ಲ. ಮಳೆ ನಿಲ್ಲುವವರೆಗೆ ಎಂದಿದ್ದೆ. ಮಳೆ ನಿಂತು ತಿಂಗಳಾಯಿತು. ಝಂಡಾ ಹಾರಿಸಿದ ದಿನ ಒಂದು ಮಗು, ಆಚಿ ಸಾಲಿಯವರ ಜೋಡಿ ಮಾತಾಡಬಹುದೇನ್ರಿ ಎಂದು ಕೇಳಿತು. ಅದು ಒಂದನೆಯ ತರಗತಿಯಿಂದ ಒಂದೇ ಚಾಪೆಯ ಮೇಲೆ ಕೂತ ಗೆಳತಿಯ ಬಗ್ಗೆ ಕೇಳಿದ್ದು.

ಯಾರ ಹೆಸರನ್ನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆಗ ಮೆಟ್ಟಿಲ ಮೇಲಿಂದ ನೀಲವ್ವ ಎಲೆ ಬಾಯಿಗೆ ಹಾಕಿಕೊಂಡೇ ಶುರುಮಾಡಿದಳು.

“ಏ ಈರ್ಯಾ, ನಿನ್ನ ಮಗಳು ಮನ್ಯಾಗ ಗ್ವಾಡಿ ಜೋಡಿ ಮಾತಾಡ್ತಾಳ. ನೀ ಮಾರ್ಕ್ಸ್ ನೋಡಿದಿ. ಆಕಿ ಮಾರಿ ನೋಡಿದಿಯೇನು?”

“ಯವ್ವಾ, ನೀ ಸುಮ್ನ ಕುಂದರು. ಸಾಲಿ ವಿಚಾರ ಇದು.”

“ಗಿರಣಿ ಖಾಲಿ ಬಿದ್ದೈತಿ. ಭತ್ತ ಬರಾಕ ಇನ್ನ ಯಾಡ ತಿಂಗಳ ಐತಿ. ಅರವತ್ತ ಏನ್, ನೂರಾ ಅರವತ್ತ ಹುಡುಗೂರು ಹಿಡಿತಾವು. ಅಲ್ಲೆ ಕುಂದರ್ಸ್ರಿ.”

“ಗಿರಣ್ಯಾಗ? ಯಾರನ್ನ ಕೇಳಿ ಹೇ‌ಳಾಕತ್ತಿ?”

“ಯಾರನ್ನ ಕೇಳಬೇಕಲೇ? ಗಿರಣಿ ನನ್ನ ಹೆಸರಿಲೆ ಐತೇನ, ನಿನ್ನ ಹೆಸರಿಲೆ ಐತೇನ?”

ಎರಡೂ ಕಡೆಯವರು ಒಟ್ಟಿಗೆ ನಕ್ಕದ್ದು ಆ ದಿನ ಅದೇ ಮೊದಲು. ಈರಣ್ಣನೂ ತಲೆ ಕೆರೆದುಕೊಂಡು ನಕ್ಕ. ಫಕ್ಕೀರವ್ವ ಮಾತ್ರ ನಗಲಿಲ್ಲ. ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, “ನಮ್ಮವು ಮತ್ತ ಮೂಲ್ಯಾಗ ಕುಂದರಂಗಿಲ್ರಿ ಅಕ್ಕೋರ,” ಎಂದಳು.

“ಜಾಗಾ ನಾನ ಹಂಚ್ತೀನಿ. ನೀ ದಿನಾ ಬಂದು ನೋಡು.”

“ನೋಡ್ತೀನ್ರಿ,” ಎಂದಳು. ಅವಳು ನೋಡುವವಳೇ.

ಮುಂದಿನ ಸೋಮವಾರ ಗಿರಣಿಯ ಶೆಡ್ಡಿನಲ್ಲಿ ಅರವತ್ತೊಂದು ಮಕ್ಕಳು ಸೇರಿದರು. ಮೂವರು ವ್ಯಾನಿನಲ್ಲಿ ಹೋಗಿದ್ದರು. ಸೃಷ್ಟಿ ಹೋಗಿರಲಿಲ್ಲ. ಶೆಡ್ಡಿನ ನಡುವೆ ತಾಡಪತ್ರಿ ಹೊದಿಸಿದ ಯಂತ್ರ ನಿಂತಿತ್ತು. ಮಕ್ಕಳು ಬಂದು, ಯಾರೂ ಹೇಳದೆ, ಯಂತ್ರದ ಈ ಕಡೆ ಮೇಲಿನ ಓಣಿಯವರು, ಆ ಕಡೆ ಹಳ್ಳದ ಆಚೆಯವರು ಕೂತರು. ಬೇರೆ ಆಗಿ ಮೂರು ತಿಂಗಳಷ್ಟೇ ಆಗಿತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ಹಾಜರಿ ಪುಸ್ತಕ ತೆರೆದೆ.

ಹೆಸರಿನ ಅಕ್ಷರದ ಕ್ರಮದಲ್ಲಿ ಕೂರಿಸಿದೆ. ಪ್ರತಿ ಸೋಮವಾರ ಒಂದು ಸಾಲು ಮುಂದಕ್ಕೆ, ಮುಂದಿನ ಸಾಲು ಹಿಂದಕ್ಕೆ, ಹಾಗಾಗಿ ಕಿಟಕಿಯೂ ಮೂಲೆಯೂ ಎಲ್ಲರ ಪಾಲಿಗೆ ಬರುವಂತೆ. ಮಕ್ಕಳು ಹೇಳಿದ ಹಾಗೆ ಕೂತರು, ಆದರೆ ನಡುವೆ ಪಾಟಿಚೀಲ ಇಟ್ಟುಕೊಂಡರು. ಐದನೆಯ ತರಗತಿಯಲ್ಲಿ ಸೃಷ್ಟಿಯನ್ನೂ ರೇಣುಕಾಳನ್ನೂ ಮತ್ತೆ ಒಂದು ಚಾಪೆಗೆ ಕರೆದೆ.

“ಆಕಿ ಜೋಡಿ ನಾ ಒಲ್ಲೆರಿ,” ಎಂದಳು ಸೃಷ್ಟಿ.

“ಯಾಕ?”

“ಆಕಿ ನನ್ನ ಜೋಡಿ ಮಾತು ಬಿಟ್ಟಾಳ್ರಿ.”

“ಆಕೀನ ಮೊದಲ ಬಿಟ್ಟಾಕಿರಿ!” ಎಂದಳು ರೇಣುಕಾ. “ಝಂಡಾದ ದಿನ ನೋಡೂ ಸುದ್ದಾ ನೋಡಲಿಲ್ರಿ.”

“ನೀ ಬಂದಿಯೇನ?”

“ನೀ ಬಂದಿಯೇನ?”

ಒತ್ತಾಯ ಮಾಡಲಿಲ್ಲ. ಪಟ್ಟಿಯ ಪ್ರಕಾರ ಬೇರೆ ಬೇರೆ ಸಾಲಿನಲ್ಲಿ ಕೂತರು.

ಗಿರಣಿಯ ದಿನಗಳನ್ನು ನೆನೆದರೆ ತೌಡಿನ ವಾಸನೆ ಬರುತ್ತದೆ. ಮಕ್ಕಳ ತಲೆಗೂದಲಲ್ಲಿ, ನನ್ನ ಸೀರೆಯಲ್ಲಿ, ಹಾಜರಿ ಪುಸ್ತಕದ ಹಾಳೆಗಳ ನಡುವೆ ತೌಡು. ಪಾರಿವಾಳಗಳು ಮಗ್ಗಿಗೆ ದನಿಗೂಡಿಸುತ್ತಿದ್ದವು. ಫಕ್ಕೀರವ್ವ ವಾರಕ್ಕೆರಡು ಸಲ ಬಂದು ಮೂಲೆಗಳನ್ನು ನೋಡಿ ಹೋಗುತ್ತಿದ್ದಳು. ನೀಲವ್ವ ಯಂತ್ರದ ಪಕ್ಕ ಚೀಲದ ಮೇಲೆ ಕೂತು ಕಥೆ ಕೇಳುತ್ತಿದ್ದಳು. ರೇಣುಕಾ ಓದುವ ಪಾಳಿ ಬಂದರೆ ಎಲೆ ಅಗಿಯುವುದನ್ನೂ ನಿಲ್ಲಿಸುತ್ತಿದ್ದಳು. ಹೆಡ್ ಮಾಸ್ತರು, ನಾನು, ಅತಿಥಿ ಶಿಕ್ಷಕಿ ಮೂವರೂ ಒಂದೇ ಸೂರಿನಡಿ ಇದ್ದದ್ದರಿಂದ ಪಾಠ ದಾರಿಗೆ ಬಂತು. ಭತ್ತ ಬರುವ ಹೊತ್ತಿಗೆ ಹಳೆಯ ಶಾಲೆಯ ಎರಡು ಕೋಣೆಗೆ ಇಟ್ಟಿಗೆಯ ಗೋಡೆ ಎತ್ತಿ ತಗಡು ಹಾಕಿಕೊಟ್ಟರು. ಅಲ್ಲಿಗೆ ಹೋದೆವು. ಪಾಟಿಚೀಲಗಳು ಮಕ್ಕಳ ನಡುವಿನಿಂದ ಒಂದೊಂದಾಗಿ ಬೆನ್ನ ಹಿಂದೆ ಸರಿದವು. ಎಲ್ಲವೂ ಸರಿಯಲಿಲ್ಲ.

ಆ ಇಬ್ಬರು ಹುಡುಗಿಯರನ್ನು ನಾನು ಗಮನಿಸುತ್ತಿದ್ದೆ. ಜಗಳವಿರಲಿಲ್ಲ. ಕೇಳಿದರೆ ರಬ್ಬರು ಕೊಡುತ್ತಿದ್ದರು. ಅದಕ್ಕಿಂತ ಹೆಚ್ಚೇನೂ ನನಗೆ ಕಾಣಲಿಲ್ಲ. ಜೂನ್‌ನಲ್ಲಿ ಅವರು ಆರನೆಯ ತರಗತಿಗೆ ಬೇರೆ ಊರಿನ ಶಾಲೆಗೆ ಹೋಗುವವರು. ಹೀಗೆಯೇ ಹೋಗುತ್ತಾರೆ, ಅದು ನನ್ನ ಪಟ್ಟಿಯ ಫಲ ಎಂದು ಒಪ್ಪಿಕೊಂಡೆ.

ಮಾರ್ಚಿನಲ್ಲಿ ವಾರ್ಷಿಕ ಪರೀಕ್ಷೆ. ಒಂದೊಂದು ಮಾರು ದೂರ ಕೂರಿಸಿ, ನಡುವೆ ಬೇರೆ ತರಗತಿಯ ಮಗುವನ್ನು ಕೂರಿಸಿ ಬರೆಸಿದೆ. ಪರೀಕ್ಷೆಯಲ್ಲಿ ನಾನು ಬಹಳ ಕಟ್ಟುನಿಟ್ಟು ಎಂದು ಹೆಸರು. ಭಾನುವಾರ ಮನೆಯಲ್ಲಿ ಕೂತು ಐದನೆಯ ತರಗತಿಯ ಗಣಿತ ತಿದ್ದುತ್ತಿದ್ದೆ. ಒಬ್ಬ ರೈತ ಎಂಟುನೂರ ಅರವತ್ತನಾಲ್ಕು ತೆಂಗಿನಕಾಯಿಗಳನ್ನು ಹನ್ನೆರಡು ಚೀಲಕ್ಕೆ ಸಮನಾಗಿ ತುಂಬಿದ, ಒಂದು ಚೀಲದಲ್ಲಿ ಎಷ್ಟು? ಎಪ್ಪತ್ತೆರಡು. ಸೃಷ್ಟಿ ಅವಸರದಲ್ಲಿ ನಡುವೆ ಒಂದು ಸೊನ್ನೆ ಸೇರಿಸಿ ಏಳುನೂರ ಎರಡು ಎಂದು ಬರೆದಿದ್ದಳು. ಒಂದು ಚೀಲದಲ್ಲಿ ಏಳುನೂರ ಎರಡು ತೆಂಗಿನಕಾಯಿ! ಅಂಕ ಕೊಡದೆ ಮುಂದಿನ ಪತ್ರಿಕೆ ತೆಗೆದೆ. ಅದು ರೇಣುಕಾಳದು. ಅಲ್ಲಿಯೂ ಒಂದು ಚೀಲದಲ್ಲಿ ಏಳುನೂರ ಎರಡು ತೆಂಗಿನಕಾಯಿ.

ತಡಮಾಡದೆ ಕನ್ನಡದ ಪತ್ರಿಕೆಗಳನ್ನು ತೆಗೆದೆ. ಓದಿ ಉತ್ತರಿಸುವ ಭಾಗದಲ್ಲಿ, ಆನೆ ಕೆರೆಯಿಂದ ಏಕೆ ಹಿಂತಿರುಗಿತು ಎಂಬ ಪ್ರಶ್ನೆ. ಕೆರೆ ಬತ್ತಿತ್ತು ಎಂದು ಮೇಲೆಯೇ ಕೊಟ್ಟಿತ್ತು. ರೇಣುಕಾ ಅದನ್ನು ಬರೆದಿರಲಿಲ್ಲ. “ಆನೆಗೆ ನಾಚಿಕೆ ಬಂತು,” ಎಂದು ಬರೆದಿದ್ದಳು. ಇಂಥ ಉತ್ತರ ಅವಳ ತಲೆಯಲ್ಲಿ ಮಾತ್ರ ಹುಟ್ಟಬಲ್ಲದು. ಸೃಷ್ಟಿಯ ಪತ್ರಿಕೆ ತಿರುವಿದೆ. ಅವಳ ಆನೆಗೂ ನಾಚಿಕೆ ಬಂದಿತ್ತು.

ಮಾರು ದೂರ, ನಡುವೆ ಇನ್ನೊಂದು ಮಗು, ಎದುರಿಗೆ ನಾನು. ಹೇಗೆ ದಾಟಿಸಿದರೋ ಇಂದಿಗೂ ಗೊತ್ತಿಲ್ಲ. ಯಾವ ದಿನ ಮಾತು ಶುರುವಾಯಿತು ಎಂಬುದೂ ಗೊತ್ತಿಲ್ಲ. ನಾಲ್ಕೂ ಪತ್ರಿಕೆಗಳನ್ನು ಮುಂದೆ ಹರಡಿಕೊಂಡು ಬಹಳ ಹೊತ್ತು ಕೂತಿದ್ದೆ. ಚಹಾ ಆರಿತು.

ಮರುದಿನ ಇಬ್ಬರನ್ನೂ ಕರೆದು ಗದರಿಸುವ ದನಿಯಲ್ಲಿ ಕೇಳಿದೆ. “ಯಾರು ಯಾರದ್ದ ನೋಡಿ ಬರದೀರಿ? ಖರೇ ಹೇಳ್ರಿ.”

“ನಾನ್ರಿ,” ಎಂದರು ಇಬ್ಬರೂ ಒಂದೇ ಸಲ.

“ಸುಮ್ನಿರಬೇ, ನಾ ಹೇಳ್ತೀನಿ,” ಎಂದು ರೇಣುಕಾ ಅವಳನ್ನು ಮೊಣಕೈಯಿಂದ ತಿವಿದಳು. “ನಾ ನೋಡೇನ್ರಿ ಅಕ್ಕೋರ. ಆಕಿ ಏನೂ ಮಾಡಿಲ್ರಿ.”

“ಸುಳ್ಳ ಹೇಳ್ತಾಳ್ರಿ. ನಾನ ನೋಡಿದಾಕಿ,” ಎಂದಳು ಸೃಷ್ಟಿ.

ಆ ಎರಡು ಉತ್ತರಗಳಿಗೆ ಇಬ್ಬರಿಗೂ ಅಂಕ ಕೊಡಲಿಲ್ಲ. ಫಲಿತಾಂಶದ ಹಾಳೆಯಲ್ಲಿ ಅದು ಹಾಗೆಯೇ ಇದೆ, ಕೆಳಗೆ ನನ್ನ ಸಹಿ. ನೋಡಿದವರಿಗೆ ಐದನೆಯ ತರಗತಿಯ ಇಬ್ಬರು ಹುಡುಗಿಯರು ಭಾಗಾಕಾರದಲ್ಲೂ ಓದಿನಲ್ಲೂ ಇನ್ನೂ ಸ್ವಲ್ಪ ಹಿಂದೆ ಎಂದು ಕಾಣುತ್ತದೆ. ಅದು ತಪ್ಪೇನಲ್ಲ. ಲಕೋಟೆ ಅಂಟಿಸುವ ಮುನ್ನ ಆ ಹಾಳೆಯನ್ನು ಇನ್ನೊಮ್ಮೆ ಹೊರಗೆ ತೆಗೆದು ನೋಡಿದೆ. ಆ ವರ್ಷ ತಾಲೂಕಿಗೆ ನಾನು ಕಳಿಸಿದ ಕಾಗದಗಳಲ್ಲಿ ಸಂತೋಷದಿಂದ ಕಳಿಸಿದ್ದು ಅದೊಂದನ್ನೇ.